ಸಮುದ್ರಕ್ಕೆ ಹೋಗುವ ನೀರು ಯಾರಿಗೆ ವ್ಯರ್ಥ?

ನಾನು ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕು ಮಟ್ಟದ ಭಾಷಣ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಪಡೆದಿದ್ದೆ. ವಿಷಯ, ಬಯಲುಸೀಮೆಯ ನೀರಿನ ಬವಣೆ. ಕೋಲಾರ ಜಿಲ್ಲೆಯ ಹುಡುಗನಿಗೆ ಈ ವಿಷಯವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮೂರಿನ ಕೆರೆಯಲ್ಲಿ ಜಾಲಿ ಬೆಳೆದಿತ್ತು, ಕೊಳವೆಬಾವಿ ಸಾವಿರ ಅಡಿ ದಾಟಿತ್ತು, ಫ್ಲೋರೈಡ್ ನೀರು ಕುಡಿದ ನಮ್ಮ ಬೀದಿಯ ಮಕ್ಕಳ ಹಲ್ಲುಗಳಲ್ಲಿ ಕಂದು ಗೆರೆಗಳಿದ್ದವು. ಆದರೆ ಚಪ್ಪಾಳೆ ಬಿದ್ದದ್ದು ಇದಾವುದಕ್ಕೂ ಅಲ್ಲ. ‘ಪಶ್ಚಿಮ ಘಟ್ಟದಲ್ಲಿ ಸುರಿದ ಮಳೆ ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆ, ನಾವಿಲ್ಲಿ ಹನಿ ನೀರಿಗೆ ಪರದಾಡುತ್ತಿದ್ದೇವೆ’ ಎಂದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು.

ಆ ವಾಕ್ಯ ನನ್ನದಲ್ಲ. ಭಾಷಣ ತಿದ್ದಿಕೊಟ್ಟ ಮೇಷ್ಟ್ರದೂ ಅಲ್ಲ. ಅವರು ಅದನ್ನು ಯಾವುದೋ ಚುನಾವಣಾ ಸಭೆಯ ಪತ್ರಿಕಾ ವರದಿಯಿಂದ ಎತ್ತಿಕೊಂಡಿದ್ದರು. ಆಮೇಲೆ ಇಷ್ಟು ವರ್ಷಗಳಲ್ಲಿ ಅದೇ ವಾಕ್ಯವನ್ನು ಎಲ್ಲ ಪಕ್ಷಗಳ ವೇದಿಕೆಯಿಂದಲೂ ಕೇಳಿದ್ದೇನೆ. ಸರ್ಕಾರಗಳು ಬದಲಾದವು, ಮುಖ್ಯಮಂತ್ರಿಗಳು ಬದಲಾದರು, ವಾಕ್ಯ ಮಾತ್ರ ಕದಲಲಿಲ್ಲ. ಸಾಹಿತ್ಯ ಓದುವ ನಾವು ಕವಿತೆಯೊಂದರ ಒಂದೇ ಪದದ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ನಾಯಕರ ಮಾತನ್ನು ಮಾತ್ರ ‘ಬರೀ ಭಾಷಣ’ ಎಂದು ಬಿಟ್ಟುಬಿಡುತ್ತೇವೆ. ಆದರೆ ಈ ಭಾಷಣಗಳಿಂದ ಕಾಲುವೆಗಳು ಹುಟ್ಟುತ್ತವೆ, ಕಾಡು ಕಡಿಯಲಾಗುತ್ತದೆ, ಯಾರದೋ ಬಾವಿಗೆ ಉಪ್ಪು ನೀರು ಬರುತ್ತದೆ. ಹಾಗಾಗಿ ನಾನು ಬಹುಮಾನ ಗೆದ್ದ ವಾಕ್ಯವನ್ನೇ ಒಂದು ಪಠ್ಯವೆಂದು ಓದಿ ನೋಡಬೇಕು ಅನ್ನಿಸಿದೆ.

ಈಗ ನಾನು ಕರಾವಳಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ವಿಭಕ್ತಿ ಪ್ರತ್ಯಯ ಹೇಳಿಕೊಡುವಾಗ ಆ ವಾಕ್ಯದ ಒಂದು ವಿಚಿತ್ರ ಹೊಳೆಯಿತು. ‘ಸಮುದ್ರಕ್ಕೆ’ ಎಂಬಲ್ಲಿ ಚತುರ್ಥಿ ಇದೆ. ‘ವ್ಯರ್ಥ’ ಎಂಬಲ್ಲಿ ಇರಬೇಕಾದ ಚತುರ್ಥಿ ಇಲ್ಲ. ಯಾರಿಗೆ ವ್ಯರ್ಥ? ವಾಕ್ಯ ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ ಅದು ಎಲ್ಲರಿಗೂ ವ್ಯರ್ಥ ಎಂಬಂತೆ ಕೇಳಿಸುತ್ತದೆ. ಇನ್ನು ‘ಅರ್ಥ’ ಎಂಬ ಪದಕ್ಕೆ ಉದ್ದೇಶ, ತಾತ್ಪರ್ಯ, ಹಣ ಎಂದು ಮೂರು ಅರ್ಥಗಳಿವೆ. ನಾಯಕರ ವಾಕ್ಯದಲ್ಲಿ ನದಿ ಈ ಮೂರನ್ನೂ ಒಂದೇ ಏಟಿಗೆ ಕಳೆದುಕೊಳ್ಳುತ್ತದೆ. ಹೀಗೆ ಖಾಲಿ ಮಾಡಿದ ಜಾಗಕ್ಕೆ ಯೋಜನೆ ಬಂದು ಕೂರುತ್ತದೆ.

2019ರ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ನೀರಿನ ರೇಷನಿಂಗ್ ಇತ್ತು. ನಗರಕ್ಕೆ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿ ತಳ ಕಂಡಿದ್ದಳು. ಯಾರ ನೀರು ‘ವ್ಯರ್ಥ’ವಾಗುತ್ತಿದೆ ಎಂದು ಹೇಳಿ ನಾನು ಬಹುಮಾನ ಪಡೆದಿದ್ದೆನೋ ಆ ಊರಿನವರ ಜೊತೆಗೇ ಬಕೆಟ್ ಹಿಡಿದು ಟ್ಯಾಂಕರಿಗೆ ಕಾದೆ. ಅಲ್ಲೇ ಪಕ್ಕದಲ್ಲಿ ಮೀನು ಮಾರುವ ಹೆಂಗಸೊಬ್ಬರು ನಿಂತಿದ್ದರು. ನಾನು ಕೋಲಾರದವನೆಂದು ತಿಳಿದು, ‘ಹಾಗಾದ್ರೆ ನಮ್ಮ ಹೊಳೆ ನಿಮ್ಮ ಕಡೆಗೆ ಬರ್ತದಂತಲ್ಲ ಮಾಸ್ಟ್ರೇ’ ಎಂದರು. ನಾನು ಅಭ್ಯಾಸಬಲದಿಂದ, ‘ಹೇಗೂ ಸಮುದ್ರಕ್ಕೆ ಹೋಗುವ ನೀರಲ್ವಾ ಅಮ್ಮ’ ಎಂದೆ. ‘ಅಳಿವೆಗೆ ಸಿಹಿ ನೀರು ಬಾರದಿದ್ರೆ ಮೀನು ಎಲ್ಲಿ ಮರಿ ಮಾಡುದು?’ ಎಂದು ಕೇಳಿದರು. ಜಗಳದ ದನಿಯಲ್ಲ, ನಿಜವಾಗಿ ನನಗೆ ಗೊತ್ತಿಲ್ಲ ಎಂದುಕೊಂಡೇ ಕೇಳಿದ ಪ್ರಶ್ನೆ. ನನಗೆ ಗೊತ್ತಿರಲಿಲ್ಲ ಕೂಡ.

ನದಿ ಸಮುದ್ರಕ್ಕೆ ಒಯ್ಯುವುದು ನೀರನ್ನಷ್ಟೇ ಅಲ್ಲ. ಮಣ್ಣು, ಮರಳು, ಎಲೆ ಕೊಳೆತ ಸಾರ ಎಲ್ಲವೂ ಅದರ ಜೊತೆಗೆ ಹೋಗುತ್ತವೆ. ಸಿಹಿ ನೀರು, ಉಪ್ಪು ನೀರು ಬೆರೆಯುವ ಅಳಿವೆಯಲ್ಲಿ ಎಷ್ಟೋ ಜಾತಿಯ ಮೀನು, ಸಿಗಡಿಗಳು ಮರಿಯಾಗಿದ್ದಾಗ ಬೆಳೆಯುತ್ತವೆ. ಮರಳು ದಂಡೆಯನ್ನು ಕಟ್ಟುತ್ತದೆ. ಹೊಳೆಯ ಒತ್ತು ಕಡಿಮೆಯಾದರೆ ಉಪ್ಪು ನೀರು ಮೇಲೇರಿ ದಡದ ಬಾವಿಗಳಿಗೆ ನುಗ್ಗುತ್ತದೆ. ಈ ಕೆಲಸಗಳಿಗೆಲ್ಲ ‘ವ್ಯರ್ಥ’ ಎಂದು ಹೆಸರಿಟ್ಟ ಮೇಲೆ ಅವುಗಳ ಲೆಕ್ಕ ಯಾವ ಕಡತಕ್ಕೂ ಬರುವುದಿಲ್ಲ.

ಎತ್ತಿನಹೊಳೆ ಯೋಜನೆಯಲ್ಲಿ ಭಾಷೆ ಮಾಡಿದ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಈ ಕಲ್ಪನೆಯ ಮೂಲ ಜಿ.ಎಸ್. ಪರಮಶಿವಯ್ಯನವರ ವರದಿ. ಆಗ ಜನರ ಬಾಯಲ್ಲಿದ್ದ ಹೆಸರು ‘ನೇತ್ರಾವತಿ ತಿರುವು’. ದಕ್ಷಿಣ ಕನ್ನಡದಲ್ಲಿ ಆ ಹೆಸರಿಗೇ ವಿರೋಧ ಹುಟ್ಟಿತು. ನಂತರದ ಯೋಜನೆ ಸಕಲೇಶಪುರದ ಕಡೆಯ ಸಣ್ಣ ಹಳ್ಳವೊಂದರ ಹೆಸರಿನಲ್ಲಿ ಬಂತು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಇವೆಲ್ಲ ಕುಮಾರಧಾರೆಯ ಮೂಲಕ ನೇತ್ರಾವತಿಯನ್ನೇ ಸೇರುವ ನೀರು. ಆದರೆ ಒಂದು ನದಿಯನ್ನು ತಿರುಗಿಸುತ್ತೇವೆ ಎನ್ನುವುದಕ್ಕೂ ಒಂದಷ್ಟು ಹಳ್ಳಗಳ ನೀರನ್ನು ಎತ್ತುತ್ತೇವೆ ಎನ್ನುವುದಕ್ಕೂ ಕಿವಿಯಲ್ಲಿ ಬಹಳ ಅಂತರವಿದೆ.

ಎರಡನೆಯ ಪದ ‘ಕುಡಿಯುವ ನೀರು’. ಈ ಎರಡು ಪದಗಳ ಮುಂದೆ ಯಾವ ವಾದವೂ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ. ಬಾಯಾರಿದವನ ಎದುರು ನಿಂತು ಏಡಿ, ಕಪ್ಪೆಗಳ ಲೆಕ್ಕ ಹೇಳುವುದು ಹೇಗೆ? ಆದರೆ ಈ ಹೆಸರಿಗೆ ಕಾನೂನಿನ ಬಲವೂ ಇತ್ತು. 2006ರ ಪರಿಸರ ಪರಿಣಾಮ ಅಧಿಸೂಚನೆ ಪೂರ್ವಾನುಮತಿ ಬೇಕೆನ್ನುವ ನದಿ ಯೋಜನೆಗಳಲ್ಲಿ ಜಲವಿದ್ಯುತ್ತು ಇದೆ, ನೀರಾವರಿ ಇದೆ, ಕುಡಿಯುವ ನೀರು ಇಲ್ಲ. ಪಶ್ಚಿಮ ಘಟ್ಟದ ಕಾಡಿನೊಳಗೆ ಇಷ್ಟು ದೊಡ್ಡ ಕೆಲಸ ಆ ಪರೀಕ್ಷೆಗೆ ಕೂರದೆ ನಡೆದದ್ದು ಹೆಸರಿನ ದೆಸೆಯಿಂದ. ಎತ್ತುತ್ತೇವೆಂದು ಹೇಳಿದ 24.01 ಟಿಎಂಸಿಯಲ್ಲಿ ಕುಡಿಯಲೆಂದು ತೆಗೆದಿಟ್ಟದ್ದು ಸುಮಾರು 14 ಟಿಎಂಸಿ. ಉಳಿದದ್ದು 527 ಕೆರೆಗಳನ್ನು ತುಂಬಿಸುವುದಕ್ಕೆ. ‘ಕುಡಿಯುವ’ ಎಂಬ ವಿಶೇಷಣ ಪೂರ್ತಿ ವಾಕ್ಯವನ್ನು ಹೊತ್ತುಕೊಂಡಿತು. ವಿರೋಧಿಗಳು ಹಸಿರು ನ್ಯಾಯಮಂಡಳಿಯವರೆಗೂ ಹೋದರು, ಯೋಜನೆ ನಿಲ್ಲಲಿಲ್ಲ.

ಮೂರನೆಯದು ಅಂಕಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಆ ಹಳ್ಳಗಳಲ್ಲಿ ವರ್ಷಕ್ಕೆ ದೊರಕುವುದು 9.55 ಟಿಎಂಸಿ ಎಂದು ಲೆಕ್ಕ ಹಾಕಿದರು. ಎರಡು ಅಂಕಿಗಳ ನಡುವಿನ ಈ ಕಂದಕದ ಬಗ್ಗೆ ವೇದಿಕೆಗಳ ಮೇಲೆ ಚರ್ಚೆಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ‘ವ್ಯರ್ಥವಾಗುವ ನೀರಿಗೆ’ ಅಳತೆ ಬೇಡ, ಅದು ಯಾವಾಗಲೂ ಬೇಕಾದಷ್ಟು ಇರುತ್ತದೆ. 2012ರಲ್ಲಿ 8,323 ಕೋಟಿ ರೂಪಾಯಿಯಿದ್ದ ಅಂದಾಜು 2023ಕ್ಕೆ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು. ಹೊಳೆಗೆ ಹೋಗುವ ನೀರಿನಲ್ಲಿ ಕಂಡ ವ್ಯರ್ಥ ಈ ಏರಿಕೆಯಲ್ಲಿ ಯಾರಿಗೂ ಕಾಣಲಿಲ್ಲ.

ನೀರಿಗಿಂತ ಮೊದಲು ಈ ಪದ ನೆಲಕ್ಕೆ ಅಂಟಿಕೊಂಡಿತ್ತು. ನಮ್ಮ ಪಹಣಿಗಳಲ್ಲಿ ಈಗಲೂ ‘ಖರಾಬು’ ಎಂಬ ಕಲಮು ಇದೆ. ಸಾಗುವಳಿಗೆ ಬಾರದ ಜಾಗ ‘ಎ’ ಖರಾಬು. ದಾರಿ, ಕೆರೆ, ಹಳ್ಳ, ಸ್ಮಶಾನದಂಥ ಊರೊಟ್ಟಿನ ಜಾಗ ‘ಬಿ’ ಖರಾಬು. ಊರು ನೀರು ಕುಡಿಯುವ ಕೆರೆ, ಊರಿನ ಹೆಣ ಮಲಗುವ ಮಣ್ಣು, ಎಲ್ಲವೂ ಸರ್ಕಾರಿ ಭಾಷೆಯಲ್ಲಿ ಕೆಟ್ಟದ್ದು. ಏಕೆ? ಕಂದಾಯ ಕೊಡುವುದಿಲ್ಲ, ಅಷ್ಟೇ. ಇಲ್ಲಿ ಕನಿಷ್ಠ ಪಕ್ಷ ಚತುರ್ಥಿ ಪತ್ತೆಯಾಗುತ್ತದೆ: ಅದು ಖಜಾನೆಗೆ ಖರಾಬು.

1985ರ ಜನವರಿ 5ರಂದು ಆಗ ತಾನೇ ಚುನಾವಣೆ ಗೆದ್ದಿದ್ದ ರಾಜೀವ್ ಗಾಂಧಿ ರಾಷ್ಟ್ರವನ್ನು ಉದ್ದೇಶಿಸಿ ಮಾತಾಡುತ್ತ ಬಂಜರು ಭೂಮಿ ಅಭಿವೃದ್ಧಿಗೆ ರಾಷ್ಟ್ರೀಯ ಮಂಡಳಿ ರಚಿಸುವುದಾಗಿಯೂ ವರ್ಷಕ್ಕೆ 50 ಲಕ್ಷ ಹೆಕ್ಟೇರಿನಲ್ಲಿ ಸೌದೆ, ಮೇವಿನ ಗಿಡ ಬೆಳೆಸುವ ಜನಾಂದೋಲನ ಮಾಡುವುದಾಗಿಯೂ ಹೇಳಿದರು. ಕಳಕಳಿಯ ಮಾತು, ಅನುಮಾನವಿಲ್ಲ. ಆದರೆ ‘ಬಂಜರು’ ಎಂದ ಕೂಡಲೇ ಅಲ್ಲಿ ದನ ಮೇಯಿಸುವವರು, ಸೌದೆ ಆರಿಸುವವರು ವಾಕ್ಯದಿಂದ ಹೊರಗಾಗುತ್ತಾರೆ. ಅದೇ ಕಾಲಕ್ಕೆ ಕರ್ನಾಟಕದಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಮಾಡಿಕೊಂಡಿದ್ದವು. ಸುಮಾರು 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿ ನೀಲಗಿರಿ ನೆಡಲು ಅದಕ್ಕೆ ಸಿಗಬೇಕಿತ್ತು. ಕಡತದಲ್ಲಿ ಅದು ಕೆಲಸಕ್ಕೆ ಬಾರದ ನೆಲ. ಹಳ್ಳಿಯವರಿಗೆ ಅದು ಗೋಮಾಳ, ಗುಡ್ಡ, ಕಾವಲು.

1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ತಮಗೆ ಬೇಕಾದ ಹಣ್ಣು, ಮೇವಿನ ಗಿಡಗಳನ್ನು ನೆಟ್ಟರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತು ನಡೆಸಿದ ಆ ಸತ್ಯಾಗ್ರಹಕ್ಕೆ ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರು. ಸುಪ್ರೀಂ ಕೋರ್ಟಿನ ಮೊಕದ್ದಮೆಯ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ಕೊನೆಗೆ ಸರ್ಕಾರ ಆ ಕಂಪನಿಯನ್ನು ಮುಚ್ಚಬೇಕಾಯಿತು. ನನಗೆ ಇದು ಒಂದು ಭಾಷಾ ಚಳವಳಿಯಂತೆಯೂ ಕಾಣುತ್ತದೆ. ಸರ್ಕಾರದ ಒಂದು ನಾಮಪದಕ್ಕೆ ಹಳ್ಳಿಯವರು ಎರಡು ಕ್ರಿಯಾಪದಗಳಲ್ಲಿ ಉತ್ತರ ಕೊಟ್ಟರು. ‘ಈ ನೆಲ ಬಂಜರಲ್ಲ’ ಎಂದು ವಾದ ಮಾಡುವ ಬದಲು ಅಲ್ಲಿ ಏನು ಬೆಳೆಯುತ್ತದೆಂದು ನೆಟ್ಟು ತೋರಿಸಿದರು.

ಆ ನಾಮಪದಕ್ಕೆ ಅಷ್ಟರಲ್ಲೇ ಸಾವು ಬರಲಿಲ್ಲ. ಅದು ಹವಾಮಾನ ನೀತಿಯೊಳಗೆ ಹೊಸ ಜನ್ಮ ಎತ್ತಿದೆ. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಎದ್ದಾಗ ಅದನ್ನು ಬರಡು ಭೂಮಿಯಿಂದ ಬಂಗಾರ ತೆಗೆದ ಕಥೆಯೆಂದು ಹೊಗಳಲಾಯಿತು. ಬರಕ್ಕೆ ಬೇಸತ್ತ ಎಷ್ಟೋ ರೈತರಿಗೆ ಗುತ್ತಿಗೆ ಹಣ ನಿಜವಾದ ಆಸರೆಯೇ. ಕಲ್ಲಿದ್ದಲಿಗೆ ಬದಲಿ ಬೇಕೆನ್ನುವುದೂ ನಿಜ. ಆದರೆ ಗುತ್ತಿಗೆ ಪತ್ರ ಆಗುವುದು ಪಹಣಿಯಲ್ಲಿ ಹೆಸರಿರುವವರ ಜೊತೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು, ಬೆಳೆ ಕೊಯ್ದ ಮೇಲೆ ಕುರಿ ನುಗ್ಗಿಸುತ್ತಿದ್ದವರು ಆ ಪತ್ರದಲ್ಲಿ ಇಲ್ಲ. ನೆಲ ‘ಬರಡು’ ಎಂದಾದ ಮೇಲೆ ಅವರು ಅಲ್ಲಿ ಇದ್ದರು ಎಂದೇ ಹೇಳಲಾಗದು.

ದೆಹಲಿ, ಗ್ಲಾಸ್ಗೋಗಳಲ್ಲಿ ಆಡಿದ ಮಾತು ಕೊನೆಗೆ ಬಂದು ಬೀಳುವುದು ಇಂಥ ನೆಲದ ಮೇಲೆಯೇ. 2021ರ ನವೆಂಬರ್ 1ರಂದು ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಪ್ರಧಾನಿ ನರೇಂದ್ರ ಮೋದಿ ಐದು ವಾಗ್ದಾನ ಮಾಡಿ ಅದಕ್ಕೆ ‘ಪಂಚಾಮೃತ’ ಎಂದು ಹೆಸರಿಟ್ಟರು. ಹೆಸರು ಚೆನ್ನಾಗಿತ್ತು. ಆದರೆ ಪಂಚಾಮೃತವನ್ನು ನಾವು ಅಂಗೈಯೊಡ್ಡಿ ಕಣ್ಣಿಗೊತ್ತಿಕೊಂಡು ಕುಡಿಯುತ್ತೇವೆ. ಹಾಲೆಷ್ಟು, ಸಕ್ಕರೆಯೆಷ್ಟು ಎಂದು ಅರ್ಚಕರನ್ನು ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅಲ್ಲಿತ್ತು. 2030ರ ಹೊತ್ತಿಗೆ ದೇಶದ ‘ಇಂಧನದ ಅಗತ್ಯದ’ ಶೇ 50ರಷ್ಟನ್ನು ನವೀಕರಿಸಬಹುದಾದ ಮೂಲಗಳಿಂದ ಪಡೆಯುತ್ತೇವೆ ಎಂದಿತ್ತು ಭಾಷಣ. 2022ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ಅಧಿಕೃತ ಪತ್ರದಲ್ಲಿ ಅದು ವಿದ್ಯುತ್ತಿನ ‘ಸ್ಥಾಪಿತ ಸಾಮರ್ಥ್ಯದ’ ಶೇ 50 ಎಂದಾಯಿತು, ಮೂಲವೂ ‘ಪಳೆಯುಳಿಕೆಯೇತರ’ ಎಂದಾಯಿತು. ಇಂಧನವೆಂದರೆ ಲಾರಿಯ ಡೀಸೆಲ್, ಕಾರ್ಖಾನೆಯ ಕುಲುಮೆ, ಅಡುಗೆಯ ಗ್ಯಾಸ್ ಎಲ್ಲವೂ ಸೇರಿದ್ದು. ಸ್ಥಾಪಿತ ಸಾಮರ್ಥ್ಯವೆಂದರೆ ಯಂತ್ರಗಳು ಎಷ್ಟು ಕೊಡಬಲ್ಲವು ಎಂಬುದು, ಎಷ್ಟು ಕೊಟ್ಟವು ಎಂಬುದಲ್ಲ. 2025ರಲ್ಲಿ ಈ ಸಾಮರ್ಥ್ಯದ ಗುರಿ ಐದು ವರ್ಷ ಮೊದಲೇ ಮುಟ್ಟಿತೆಂದು ಸರ್ಕಾರ ಸಂಭ್ರಮಿಸಿತು. ಅದು ಸುಳ್ಳಲ್ಲ, ಸಣ್ಣ ಸಾಧನೆಯೂ ಅಲ್ಲ. ಆದರೆ ಆಗಲೂ ದೇಶದಲ್ಲಿ ಉತ್ಪಾದನೆಯಾಗುತ್ತಿದ್ದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಸರಿಸುಮಾರು ಶೇ 70. ಭಾಷಣ ಕೇಳಿದವನ ಮನಸ್ಸಿನಲ್ಲಿರುವುದು ಒಂದು ಶೇ 50, ಗುರಿ ಮುಟ್ಟಿದ್ದು ಇನ್ನೊಂದು ಶೇ 50.

ಅದೇ ಸಮ್ಮೇಳನದ ಕೊನೆಯ ದಿನ, ನವೆಂಬರ್ 13, ಒಂದು ಕ್ರಿಯಾಪದ ಬದಲಾಯಿತು. ಕಲ್ಲಿದ್ದಲ ಬಳಕೆಯನ್ನು ಹಂತ ಹಂತವಾಗಿ ಕೊನೆಗಾಣಿಸುವುದು ಎಂದು ಕರಡಿನಲ್ಲಿತ್ತು. ಹಂತ ಹಂತವಾಗಿ ತಗ್ಗಿಸುವುದು ಎಂದು ಭಾರತದ ಪರಿಸರ ಸಚಿವ ಭೂಪೇಂದ್ರ ಯಾದವ್ ತಿದ್ದುಪಡಿ ಓದಿದರು. ಸಮ್ಮೇಳನದ ಅಧ್ಯಕ್ಷ ಅಲೋಕ್ ಶರ್ಮ ಕ್ಷಮೆ ಕೇಳುತ್ತ ಗದ್ಗದಿತರಾದರು. ನನ್ನ ತರಗತಿಯಲ್ಲಿ ಈ ಎರಡು ಇಂಗ್ಲಿಷ್ ಮಾತುಗಳನ್ನು ಅನುವಾದಿಸಲು ಕೊಟ್ಟಿದ್ದೆ. ಎಲ್ಲರೂ ‘ಹಂತ ಹಂತವಾಗಿ’ ಎಂದು ಬರೆದು ಅಲ್ಲಿಗೇ ಪೆನ್ನು ನಿಲ್ಲಿಸಿದರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಹಂತ ಹಂತವಾಗಿ’ ಎನ್ನುವವರೆಗೆ ಎರಡೂ ಒಂದೇ. ಒಂದು ಗಣಿ ಮುಚ್ಚುತ್ತದೋ ಇಲ್ಲವೋ ಎಂಬುದು ಕಟ್ಟಕಡೆಯ ಪದದಲ್ಲಿದೆ.

ಇಲ್ಲಿ ಭಾರತವನ್ನಷ್ಟೇ ಖಳನನ್ನಾಗಿಸಿದರೆ ಅದೂ ಕೆಟ್ಟ ಓದು. ಅದಕ್ಕೆ ಮೂರೇ ದಿನ ಮೊದಲು ಅಮೆರಿಕ ಮತ್ತು ಚೀನಾದ ಜಂಟಿ ಹೇಳಿಕೆಯಲ್ಲಿ ‘ತಗ್ಗಿಸುವುದು’ ಎಂಬ ಪದವೇ ಇತ್ತು. ಬಡದೇಶಗಳ ಕಲ್ಲಿದ್ದಲಿಗೆ ಗಡುವು ಕೇಳುವವರು ತಮ್ಮ ತೈಲ, ಅನಿಲದ ಬಗ್ಗೆ ಏಕೆ ಸುಮ್ಮನಿದ್ದಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಈ ದನಿಗೆ ಇತಿಹಾಸವಿದೆ. 1972ರ ಜೂನ್ 14ರಂದು ಸ್ಟಾಕ್‌ಹೋಮಿನಲ್ಲಿ ಇಂದಿರಾ ಗಾಂಧಿ, ಬಡತನ ಮತ್ತು ಕೊರತೆಗಳೇ ಅತಿ ದೊಡ್ಡ ಮಾಲಿನ್ಯಕಾರಕಗಳಲ್ಲವೇ ಎಂದು ಕೇಳಿದ್ದರು. ಅದು ಉಳ್ಳವರ ಎದುರು ಇಲ್ಲದವರ ಪರವಾಗಿ ಎತ್ತಿದ ಪ್ರಶ್ನೆ. ಆಮೇಲೆ ನಮ್ಮ ಬಾಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಉದುರಿಹೋಗಿ ‘ಬಡತನವೇ ದೊಡ್ಡ ಮಾಲಿನ್ಯ’ ಎಂಬ ತೀರ್ಪಾಯಿತು. ಪ್ರಶ್ನೆಯಾಗಿದ್ದಾಗ ಅದು ಶ್ರೀಮಂತ ದೇಶಗಳನ್ನು ಕುಟುಕುತ್ತಿತ್ತು. ತೀರ್ಪಾದ ಮೇಲೆ ಗಣಿಗೂ ಅಣೆಕಟ್ಟಿಗೂ ನೆಪವಾಯಿತು, ಬಡವನೇ ಆರೋಪಿಯ ಜಾಗದಲ್ಲಿ ನಿಂತ.

ಹಾಗಾದರೆ ನಾಯಕರು ಪ್ರಕೃತಿಯನ್ನು ಪೂಜಿಸುವ ಭಾಷೆ ಆಡಿದರೆ ಸಾಕೇ? ಗೋವಾದ ನಾಯಕರು ಮಹದಾಯಿಯನ್ನು ತಾಯಿಗಿಂತ ಮಿಗಿಲು ಎನ್ನುತ್ತಾರೆ. ನಮ್ಮ ಕಡೆಯವರು ಅದೇ ನೀರು ವ್ಯರ್ಥವಾಗುತ್ತಿದೆ ಎನ್ನುತ್ತಾರೆ. ಎರಡೂ ಮಾತು ಲೆಕ್ಕ ಕೇಳುವ ಬಾಯಿಯನ್ನು ಮುಚ್ಚಿಸುತ್ತವೆ. ತಾಯಿಯನ್ನು ಹಂಚಿಕೊಳ್ಳುವುದು ಹೇಗೆ? ವ್ಯರ್ಥವಾಗುವುದನ್ನು ಉಳಿಸುವುದಾದರೂ ಏಕೆ? ನನಗೆ ಬೇಕಾಗಿರುವುದು ಭಕ್ತಿಯ ಮಾತಲ್ಲ. ಯಾರಿಂದ, ಯಾರಿಗೆ, ಎಷ್ಟು ಎಂಬ ವಿಭಕ್ತಿಗಳೆಲ್ಲ ಇರುವ ಸಾಧಾರಣ ವಾಕ್ಯ.

ಇದನ್ನು ಬರೆಯುವಾಗ ಊರಿನಿಂದ ಅಮ್ಮನ ಫೋನು ಬಂತು. ನಮ್ಮ ಕೆರೆಗೆ ಈಗ ನೀರಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ‘ಸಂಸ್ಕರಿಸಿದ ನೀರು’ ಕೋಲಾರದ ಕೆರೆಗಳಿಗೆ ಬರುತ್ತಿದೆ. ಎರಡು ಹಂತದ ಸಂಸ್ಕರಣೆ ಮಾತ್ರ ಆಗಿದೆ, ಮೂರನೆಯದೂ ಆಗಬೇಕೆಂದು ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ‘ಸಂಸ್ಕರಿಸಿದ’ ಎಂಬ ಪದದಲ್ಲಿ ಎಷ್ಟು ಸಲ ಎಂಬುದಿಲ್ಲ. ಊರಿನಲ್ಲಿ ಅದಕ್ಕೆ ‘ಬೆಂಗಳೂರು ನೀರು’ ಎನ್ನುತ್ತಾರೆ. ಎಲ್ಲಿಂದ ಬಂತು ಎಂಬುದಾದರೂ ಆ ಹೆಸರಿನಲ್ಲಿದೆ. ‘ಎತ್ತಿನಹೊಳೆ ನೀರು ಬರುತ್ತಂತಲ್ಲಪ್ಪ, ನಿಜವಾ?’ ಎಂದು ಅಮ್ಮ ಕೇಳಿದಳು. ಅವಳಿಗೆ ಈಗ ಎಪ್ಪತ್ತು ದಾಟಿದೆ, ಮಂಡಿ ಮಡಚಲಾಗುವುದಿಲ್ಲ. ‘ಬರಬಹುದಮ್ಮ, ಅವರು ಹೇಳಿದಷ್ಟು ಬರಲ್ಲ’ ಎಂದೆ. ‘ಬಂದಷ್ಟು ಬರಲಿ ಬಿಡು’ ಎಂದಳು.

ಅವಳಿಗೆ ನೀರು ಬೇಡ ಎನ್ನುವ ಧೈರ್ಯ ನನಗಿಲ್ಲ, ಅಂಥ ಧೈರ್ಯ ಯಾರಿಗೂ ಇರಬಾರದು. ಆದರೆ ಟ್ಯಾಂಕರಿನ ಸಾಲಿನಲ್ಲಿ ನಿಂತಿದ್ದ ಆ ಅಮ್ಮನ ಪ್ರಶ್ನೆಗೂ ನಾನು ಉತ್ತರ ಕೊಡಬೇಕಾಗಿದೆ. ಅಂದಿನ ಭಾಷಣವನ್ನು ಇಂದು ಬರೆದಿದ್ದರೆ ಆ ವಾಕ್ಯ ಹೀಗಿರುತ್ತಿತ್ತು: ‘ನೇತ್ರಾವತಿಯಿಂದ ಇಷ್ಟು ನೀರು ತೆಗೆದರೆ ಕಡಲ ದಡದ ಇಂಥವರಿಗೆ ಇಷ್ಟು ನಷ್ಟ, ಕೋಲಾರದ ನಮಗೆ ಇಷ್ಟು ಲಾಭ; ಆ ನಷ್ಟವನ್ನು ನಮಗೆ ತುಂಬಿಕೊಡಲಾದೀತೇ, ಅಥವಾ ನಮ್ಮ ಕೆರೆಗಳ ಹೂಳು ತೆಗೆದು ನಮ್ಮ ಮಳೆಯನ್ನೇ ಹಿಡಿದಿಟ್ಟುಕೊಳ್ಳೋಣವೇ?’ ಉದ್ದವಾಯಿತು. ಚಪ್ಪಾಳೆಗೆ ಎಲ್ಲಿ ನಿಲ್ಲಿಸಬೇಕೋ ತಿಳಿಯುವುದಿಲ್ಲ. ಬಹುಮಾನ ಬರುತ್ತಿರಲಿಲ್ಲ.